ಗೂಟದ ಹಗ್ಗ ಬಿಚ್ಚಿಸಿದ ಪಾಲಮ್ಮ ಟೀಚರ್

ಪಾಲಮ್ಮ ಟೀಚರ್ ಮಗುವಿನ ಮುಖವನ್ನು ಮೊದಲು ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದರು. ನಮ್ಮ ಹಟ್ಟಿಯ ಅಂಗನವಾಡಿ ಬಾಗಿಲಲ್ಲಿ ಒಂದು ಮೋಟು ಸ್ಟೂಲು ಹಾಕಿಕೊಂಡು ಕೂತು, ಬಂದ ಬಂದ ಮಕ್ಕಳ ಕೈ ತಿರುಗಿಸಿ ನೋಡಿ ಒಳಗೆ ಬಿಡುತ್ತಿದ್ದರು. ಬೆರಳ ತುದಿ ಕಿತ್ತಳೆ ಬಣ್ಣ ಆಗಿದ್ದರೆ ಆ ಮಗು ಅಂಗಡಿಯ ಖಾರದ ಪೊಟ್ಟಣ ತಿಂದು ಬಂದಿದೆ ಎಂದು ಲೆಕ್ಕ. ಮಗುವಿಗೆ ಒಂದು ಮಾತೂ ಅನ್ನುತ್ತಿರಲಿಲ್ಲ. ಕೈ ತೊಳೆಸಿ ಒಳಗೆ ಕಳಿಸಿ, ಕರೆತಂದವರನ್ನು ಮಾತ್ರ ಬಿಸಿಲಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. "ಮಗ ತಾನಾಗೇ ಅಂಗಡಿ ಕಟ್ಟೆ ಹತ್ತಲ್ಲ. ಹತ್ತಿಸ್ದೋರು ಯಾರು ಹೇಳ್ರಿ" ಎಂದು ಕೇಳುತ್ತಿದ್ದರು.

ಅವರ ಊರು ಮೊಳಕಾಲ್ಮುರಿನಿಂದ ಆಚೆ, ಆಂಧ್ರದ ಗಡಿಗೆ ತಾಗಿದ್ದು. ಮನೆಮಾತು ತೆಲುಗು. ತಳಕಿನಲ್ಲಿ ಒಂದು ಕೋಣೆ ಹಿಡಿದು, ಅಲ್ಲಿಂದ ನಮ್ಮ ಹಟ್ಟಿಗೆ ಮುಕ್ಕಾಲು ಗಂಟೆ ದಾರಿಯನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದೇ ಬಂದರು, ನಡೆದೇ ಹೋದರು. ಒಣಕಲು ಮೈ, ಉದ್ದ ಕಾಲು. ಹುಡುಗರು ಬೈಕು ನಿಲ್ಲಿಸಿ ಹತ್ತಿ ಅಂದರೆ, ನಿನ್ನ ಬೈಕಿಗಿಂತ ನಾನೇ ಮುಂಚೆ ಮುಟ್ಟುತ್ತೇನೆ ಎಂದು ಬಿರಬಿರನೆ ಹೋಗುತ್ತಿದ್ದರು. ಯಾವಳಾದರೂ ನಾಲ್ಕು ವರ್ಷದ ಮಗುವನ್ನು ಸೊಂಟದ ಮೇಲೆ ಹೊತ್ತು ತಂದರೆ ದೂರದಿಂದಲೇ ಕೈಬೀಸಿ "ನಡವನೀ, ನಡವನೀ" ಅನ್ನುತ್ತಿದ್ದರು. ನಡೆಯಲಿ ಬಿಡು ಅಂತ. ನನಗೆ ಬರುವ ತೆಲುಗು ಅದೊಂದೇ.

ಮೊದಲು ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಕಾರಣ ನನ್ನ ಮೊಮ್ಮಗಳು ಪುಟ್ಟಿ. ಮಗ ಗೂಡ್ಸ್ ಗಾಡಿ ಓಡಿಸುತ್ತಾನೆ, ಮನೆಯಲ್ಲಿ ಇರುವುದು ಕಡಿಮೆ. ಸೊಸೆ ಸುಜಾತ ಚಳ್ಳಕೆರೆಯಲ್ಲಿ ಬಟ್ಟೆ ಹೊಲಿಯುವ ಕೆಲಸಕ್ಕೆ ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾಳೆ. ಹಾಗಾಗಿ ಪುಟ್ಟಿ ನನ್ನ ಪಾಲು. ನಾನು ನನ್ನ ಮಕ್ಕಳನ್ನು ಅಂಬಲಿ ಕುಡಿಸಿ ಸಾಕಿದವಳು. ಅವರ ಪಕ್ಕೆಲುಬು ಎಣಿಸಬಹುದಿತ್ತು. ಮೊಮ್ಮಗಳ ಕೆನ್ನೆ ತುಂಬಿದ್ದು ನೋಡಿ ನನಗೆ ಗೆದ್ದ ಹಾಗೆ ಆಗಿತ್ತು. ಅತ್ತರೆ ಬಿಸ್ಕತ್ತು, ಸುಮ್ಮನಿದ್ದರೆ ಜಾಣೆ ಅಂತ ಇನ್ನೊಂದು ಬಿಸ್ಕತ್ತು. ಅನ್ನ ಒಳಗೆ ಹೋಗಲಿ ಎಂದು ಕೈಗೆ ಮೊಬೈಲು. ಅವಳು ಅದನ್ನು ನೋಡುತ್ತಿರುವಾಗ ನಾನು ತುತ್ತು ತುರುಕುತ್ತಿದ್ದೆ. ಸಾಕು ಅಂದ ಮೇಲೂ ನಾಲ್ಕು ತುತ್ತು. ಡುಮ್ಮಿ ಅಂತಲೇ ಕರೆಯುತ್ತಿದ್ದೆ.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಕ್ಕಳನ್ನು ತೂಗುತ್ತಾರೆ. ಮಗುವನ್ನು ತೂಗಿದರೆ ದೃಷ್ಟಿಯಾಗುತ್ತದೆ ಎಂದು ನಾನು ಎಷ್ಟೋ ತಿಂಗಳು ಆ ದಿನ ಪುಟ್ಟಿಯನ್ನು ಕಳಿಸಿರಲಿಲ್ಲ. ಟೀಚರ್ ಬಿಡಲಿಲ್ಲ. ಕೊನೆಗೆ ನಾನೇ ಹೋಗಿ ನಿಂತೆ. ಪುಟ್ಟಿ ತೂಕದ ಮಿಷನ್ ಮೇಲೆ ಹತ್ತಿದಳು. ಇಡೀ ಅಂಗನವಾಡಿಗೆ ಅವಳ ತೂಕವೇ ಹೆಚ್ಚು. ಆ ಕಾರ್ಡು ಓದುವಷ್ಟು ಅಕ್ಷರ ನನಗಿಲ್ಲ. ಆದರೆ ಟೀಚರ್ ಹಾಕಿದ ಚುಕ್ಕಿ ಎಲ್ಲ ಗೆರೆಗಳಿಗಿಂತ ಮೇಲೆ ಕೂತಿದ್ದು ಕಾಣಿಸಿತು. ಅಷ್ಟು ವರ್ಷದಿಂದ ಈ ಟೀಚರಮ್ಮ ತೂಕ ಕಡಿಮೆ ಇದ್ದ ಮಕ್ಕಳ ತಾಯಂದಿರಿಗೆ ಬೈಯುವುದನ್ನು ಕೇಳಿದವಳು ನಾನು. ಕಡಿಮೆಗೆ ಬೈಗುಳ ಅಂದರೆ ಹೆಚ್ಚಿಗೆ ಬಹುಮಾನ ತಾನೆ? ಮನೆಗೆ ಹೋಗಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಆಮೇಲೆ ಸೆರಗಿನಲ್ಲಿ ಬೆಲ್ಲ ಪುಟಾಣಿ ಕಟ್ಟಿಕೊಂಡು ವಾಪಸ್ ಬಂದು, ನನ್ನ ಮೊಮ್ಮಗಳು ಫಸ್ಟ್ ಬಂದಿದ್ದಾಳೆ ಎಂದು ಎಲ್ಲರಿಗೂ ಹಂಚಿದೆ. ತಾಯಂದಿರು ತಿಂದರು. ಅಡಿಗೆಯಾಕೆ ಎರಡು ಸಲ ಇಸಿದುಕೊಂಡಳು. ಪಾಲಮ್ಮ ಟೀಚರ್ ಒಂದೇ ಒಂದು ಪುಟಾಣಿ ತೆಗೆದು ಬಾಯಿಗೆ ಹಾಕಿಕೊಂಡು, ಸಂಜೆ ಮನೆಗೆ ಬರುತ್ತೇನೆ ಎಂದರು.

ಬಂದರು. ನಮ್ಮ ಅಂಗಳದ ಬೇವಿನ ಮರದ ಕೆಳಗೆ ಆಗ ಒಂದು ಟಗರು ಕಟ್ಟಿದ್ದೆ. ಟಗರು ಕೊಬ್ಬಿಸಿ ಸಂತೆಗೆ ಬಿಡುವುದು ನಾನು ಮದುವೆಯಾಗಿ ಬಂದಾಗಿನಿಂದ ಮಾಡುವ ಕೆಲಸ. ಟೀಚರ್ ಕಟ್ಟೆಯ ಮೇಲೆ ಕೂತು ಪುಟ್ಟಿಯ ಸುದ್ದಿ ಎತ್ತಲೇ ಇಲ್ಲ. ಟಗರನ್ನು ನೋಡಿ ಚೆನ್ನಾಗಿದೆ ಅಂದರು. ಹೇಗೆ ಇಷ್ಟು ಮೈ ಬರಿಸಿದಿರಿ ಎಂದು ಕೇಳಿದರು. ಕೇಳಿದರೆ ನಾನು ಬಿಡುತ್ತೇನೆಯೆ? ಎಲ್ಲ ಹೇಳಿದೆ. ಹಗ್ಗ ಗಿಡ್ಡ ಇರಬೇಕು. ಮಂದೆಯ ಜೊತೆ ಕಾವಲಿನ ಬಯಲಿಗೆ ಮೇಯಲು ಬಿಡಬಾರದು, ನಡೆದರೆ ಕೊಬ್ಬು ಕರಗುತ್ತದೆ. ನೆರಳಲ್ಲೇ ಇರಬೇಕು. ಹುರುಳಿ, ಶೇಂಗಾ ಹಿಂಡಿ, ದಿನಕ್ಕೆ ನಾಲ್ಕೈದು ಸಲ. ಹಸಿವಾಗಲಿ ಅಂತ ಕಾಯಬಾರದು, ಮುಖ ತಿರುಗಿಸಿದರೂ ಬಾಯಿಗೆ ಹಿಡಿದು ತಿನ್ನಿಸಬೇಕು. ಮೂರು ತಿಂಗಳಲ್ಲಿ ಅದಕ್ಕೆ ರಸ್ತೆತನಕ ನಡೆಯುವುದಕ್ಕೂ ಆಗುವುದಿಲ್ಲ, ಎತ್ತಿ ಗಾಡಿಗೆ ಹಾಕಬೇಕು. ಅಲ್ಲಿಗೆ ಸರಿಯಾಗಿದೆ ಅಂತ ಅರ್ಥ.

ಟೀಚರ್ ತಲೆಯಾಡಿಸುತ್ತಾ ಕೇಳಿದರು. ಆಮೇಲೆ ಬಾಗಿಲ ಕಡೆ ತಿರುಗಿದರು. ಹೊಸಿಲ ಒಳಗೆ ಪುಟ್ಟಿ ಚಾಪೆಯ ಮೇಲೆ ಕೂತಿದ್ದಳು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದು ಕೈ ಪೊಟ್ಟಣದೊಳಗೆ.

"ರುದ್ರಕ್ಕಾ, ಇವಳಿಗೆ ಎಷ್ಟುದ್ದ ಹಗ್ಗ ಬಿಟ್ಟೀರಿ?"

ಅವರು ಎದ್ದು ಚಪ್ಪಲಿ ಮೆಟ್ಟಿದರು. "ಟಗರು ಮಾರೋಕೈತೆ. ಇವಳನ್ನ ಏನ್ ಮಾಡ್ತೀರಿ?" ಅಂದು ಹೊರಟುಹೋದರು.

ನನಗೆ ಬಂದ ಸಿಟ್ಟಿಗೆ ಎರಡು ದಿನ ಪುಟ್ಟಿಯನ್ನು ಅಂಗನವಾಡಿಗೆ ಕಳಿಸಲಿಲ್ಲ. ಟೀಚರಮ್ಮನ ನಡಿಗೆಯ ಬಗ್ಗೆ, ಒಣಗಿದ ಮೈಯ ಬಗ್ಗೆ ಬೀದಿಯಲ್ಲಿ ಏನೇನು ಅಂದೆನೋ, ಅದನ್ನು ಇಲ್ಲಿ ಹೇಳುವ ಹಾಗಿಲ್ಲ. ಸೊಸೆಗೂ ಅಂದೆ. ಸುಜಾತ ನನಗೆ ಎದುರು ಮಾತಾಡುವವಳಲ್ಲ. ಅವತ್ತು ಮಾತ್ರ ತಟ್ಟೆ ತೊಳೆಯುತ್ತಾ, "ಅತ್ತೆ, ನಾನು ಆರು ತಿಂಗಳಿಂದ ಹೇಳ್ಬೇಕು ಅಂತಿದ್ದೆ, ಹೆದರಿಕೆ ಆಗ್ತಿತ್ತು" ಅಂದಳು. ಅದಕ್ಕೂ ಬೈದೆ.

ಮೂರನೇ ದಿನ ಸಂಜೆ ಮಂದೆ ಕಾವಲಿನಿಂದ ವಾಪಸ್ ಬರುವ ಹೊತ್ತು. ಮರಿ ನೋಡಬೇಕು ಅಂದಳು ಪುಟ್ಟಿ. ಕರೆದುಕೊಂಡು ಹೊರಟೆ. ಕಾವಲಿನ ಬೇಲಿಯವರೆಗೂ ಹೋಗಲಿಲ್ಲ, ಅರ್ಧ ದಾರಿಯಲ್ಲಿ ಕೂತುಬಿಟ್ಟಳು. ಬಾಯಿ ತೆರೆದು ಉಸಿರು ಬಿಡುತ್ತಿದ್ದಳು, ಎರಡೂ ಪಕ್ಕೆ ಬಡಿದುಕೊಳ್ಳುತ್ತಿದ್ದವು. ಆ ಪಕ್ಕೆ ಬಡಿತ ನನಗೆ ಚೆನ್ನಾಗಿ ಗೊತ್ತು. ನಲವತ್ತು ವರ್ಷದಿಂದ ಅದನ್ನು ನೋಡಿ, ಸರಿಯಾಗಿದೆ, ಇನ್ನು ಸಂತೆಗೆ ಬಿಡಬಹುದು ಎಂದು ಹೇಳಿದವಳು ನಾನು. ಅವಳ ಜೊತೆಯ ಹುಡುಗಿಯರು ಮರಿಗಳ ಹಿಂದೆ ಓಡುತ್ತಿದ್ದರು. "ಎತ್ಕೋ ಅಜ್ಜಿ" ಅಂದಳು. ಎತ್ತಲು ನೋಡಿದೆ, ಆಗಲಿಲ್ಲ. ಇಬ್ಬರೂ ಅಲ್ಲೇ ದೂಳಿನಲ್ಲಿ ಕೂತು, ಮಂದೆಯೆಲ್ಲ ನಮ್ಮನ್ನು ದಾಟಿ ಹೋಗುವವರೆಗೂ ಇದ್ದೆವು.

ಮಾರನೆಯ ದಿನ ಅಂಗನವಾಡಿಗೆ ಹೋಗಿ, ಏನು ಮಾಡಬೇಕು ಹೇಳಿ ಅಂದೆ. ಅವರು ಗೆದ್ದೆ ಎಂದು ಹಿಗ್ಗಲಿಲ್ಲ. ಮೊದಲನೆಯದು, ಡುಮ್ಮಿ ಅನ್ನುವುದನ್ನು ಬಿಡಿ ಅಂದರು. ಮಗು ಏನೂ ತಪ್ಪು ಮಾಡಿಲ್ಲ, ಅದಕ್ಕೆ ಹೆಸರಿಡುವುದು ಬೇಡ ಎಂದು. ನಾನು ಹಾಗಾದರೆ ಒಂದು ಹೊತ್ತು ಊಟ ನಿಲ್ಲಿಸುತ್ತೇನೆ ಅಂದೆ. ಅವರಿಗೆ ತೆಲುಗು ಬಂತು. "ಅಯ್ಯೋ ದೇವುಡಾ" ಎಂದು ಹಣೆ ಹಿಡಿದುಕೊಂಡರು.

"ಹೊಟ್ಟೆಗೆ ಕಡಿಮೆ ಮಾಡಬ್ಯಾಡ್ರಿ, ಕಾಲಿಗೆ ಜಾಸ್ತಿ ಮಾಡ್ರಿ. ಅವಳ ತೂಕ ಇಳಿಸೋದು ಬ್ಯಾಡ. ಎತ್ತರ ಬೆಳೀತಾಳಲ್ಲ, ಸರಿಹೋಗ್ತೈತೆ."

ಅವರು ಹೇಳಿದ್ದರಲ್ಲಿ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಊಟಕ್ಕೆ ಎಲ್ಲರೂ ಒಟ್ಟಿಗೆ ನೆಲಕ್ಕೆ ಕೂರಬೇಕು, ಮೊಬೈಲು ಗೋಡೆಯ ಗೂಡಿನಲ್ಲಿರಬೇಕು. ಮುದ್ದೆಯನ್ನು ಅವಳೇ ಮುರಿದುಕೊಂಡು ತಿನ್ನಲಿ, ಸಾಕು ಅಂದಾಗ ತಟ್ಟೆ ತೆಗೆಯಬೇಕು. ಅತ್ತರೆ ಯಾಕೆ ಅಂತ ಕೇಳಬೇಕು, ಬಾಯಿಗೆ ತಿಂಡಿ ಇಡಬಾರದು. ಬಾಟಲಿಯ ಬಣ್ಣದ ನೀರು ಬೇಡ, ಮಡಕೆಯ ನೀರು ಸಾಕು. ಪೊಟ್ಟಣ ಮನೆಯೊಳಗೆ ತರುವುದೇ ಬೇಡ. ಹೊತ್ತಿಗೆ ಸರಿಯಾಗಿ ಮಲಗಿಸಬೇಕು. ಸಂಜೆ ಆಟ. ಅಂಗನವಾಡಿಗೆ ನಡಿಗೆ. ಇಷ್ಟೂ ಮನೆಮಂದಿಗೆಲ್ಲ ಅನ್ವಯ, ಮಗುವಿಗೊಂದು ಕಾನೂನು ಅಜ್ಜಿಗೊಂದು ಕಾನೂನು ಇಲ್ಲ. ಈ ಕೊನೆಯದೇ ನನಗೆ ಕಷ್ಟವಾದದ್ದು.

ಮೊದಲ ವಾರ ಪುಟ್ಟಿ ಕಿರುಚಿ ಹಟ್ಟಿ ಒಂದು ಮಾಡಿದಳು. ಮೊಬೈಲು ಬೇಕು ಎಂದು ಮುದ್ದೆಯನ್ನು ಗೋಡೆಗೆ ಎಸೆದಳು. ಸುಜಾತ ಗೋಡೆ ಒರೆಸಿ ಸುಮ್ಮನೆ ತಾನು ಉಂಡಳು. ಅಷ್ಟು ಗಟ್ಟಿ ಹೆಂಗಸು ನನ್ನ ಮನೆಯಲ್ಲಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ಎರಡನೇ ವಾರ ಹಸಿವಾಗಿ ಹುಡುಗಿ ತಾನೇ ತಟ್ಟೆ ತಂದಿಟ್ಟುಕೊಂಡಳು. ಗೋಡೆಗೆ ಎಸೆಯುವುದು ನಿಂತಿತು. ಹುರುಳಿಕಾಳು ಸಾರು ಇನ್ನೊಂದು ಸೌಟು ಕೇಳಿದಳು.

ಕಳ್ಳತನ ಮಾಡಿದ್ದು ನಾನು. ಹಳೆಯ ಚಟ, ಪುಟ್ಟಿಯ ಪೊಟ್ಟಣದಲ್ಲಿ ಉಳಿದದ್ದನ್ನು ನಾನೇ ತಿಂದು ಮುಗಿಸುತ್ತಿದ್ದೆ. ಮನೆಗೆ ಪೊಟ್ಟಣ ಬರುವುದು ನಿಂತ ಮೇಲೆ ಅಂಗಡಿಯ ಹಿಂದೆ ನಿಂತು ತಿನ್ನತೊಡಗಿದೆ. ಒಂದು ದಿನ ತಾಯಂದಿರ ಸಭೆ. ನಮ್ಮ ಮನೆಯಲ್ಲಿ ಪೊಟ್ಟಣದ ಸುದ್ದಿಯೇ ಇಲ್ಲ ಎಂದು ಎದ್ದು ನಿಂತು ಭಾಷಣ ಮಾಡಿದೆ. ಪಾಲಮ್ಮ ಟೀಚರ್ ಬಂದು ನನ್ನ ಕೈ ಹಿಡಿದು, ಮಕ್ಕಳ ಕೈ ತಿರುಗಿಸುವ ಹಾಗೆಯೇ ತಿರುಗಿಸಿ, ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು. ಐದು ಬೆರಳೂ ಕಿತ್ತಳೆ. ಹೆಂಗಸರು ಬಿದ್ದು ಬಿದ್ದು ನಕ್ಕರು. "ಅಜ್ಜೀನ ಒಳಗೆ ಬಿಡಬ್ಯಾಡ್ರಿ ಟೀಚರ್, ಕೈ ತೊಳ್ಸಿ" ಅಂದಳು ಪುಟ್ಟಿ. ತೊಳೆದುಕೊಂಡೆ. ಏನು ಮಾಡುವುದು.

ಎರಡು ವರ್ಷ ಹಾಗೇ ಹೋಯಿತು. ಪುಟ್ಟಿ ಮೆಲ್ಲಗೆ ಎತ್ತರವಾದಳು. ಅವಳು ಬಡವಾಗಲಿಲ್ಲ, ಅವಳ ಮೈ ಅವಳಿಗೆ ಸರಿಹೊಂದಿತು, ಅಷ್ಟೆ. ಕಾವಲಿನ ಬೇಲಿಯವರೆಗೆ ಓಡಿಹೋಗಿ ಮರಿಗಳನ್ನು ಹೊಡೆದುಕೊಂಡು ಬರತೊಡಗಿದಳು. ಟಗರನ್ನು ಈಗಲೂ ಕಟ್ಟಿ ಮೇಯಿಸುತ್ತೇನೆ. ಅದು ಬೇರೆ, ಇದು ಬೇರೆ.

ಟೀಚರ್‌ಗೆ ನಿವೃತ್ತಿ ಬಂತು. ಹೆಂಗಸರೆಲ್ಲ ಸೇರಿ ರೇಷ್ಮೆ ಸೀರೆ ಕೊಡೋಣ ಅಂದರು. ರೇಷ್ಮೆ ಸೀರೆ ನೇಯುವ ಮೊಳಕಾಲ್ಮುರಿನ ಕಡೆಯವರಿಗೇ ಸೀರೆ ಹೊರಿಸಿ ಕಳಿಸುತ್ತೀರಾ ಎಂದು ನಾನು ತಡೆದೆ. ಒಂದು ಜೊತೆ ಚಪ್ಪಲಿ ಕೊಡಿಸಿದೆವು, ಗಟ್ಟಿ ಅಟ್ಟೆಯದು. ಟೀಚರ್ ಅದನ್ನೇ ಮೆಟ್ಟಿಕೊಂಡು ತಮ್ಮ ಊರಿನ ಬಸ್ಸು ಹಿಡಿಯಲು ತಳಕಿಗೆ ನಡೆದು ಹೊರಟರು. ಕಳಿಸಿಬರಲು ನಾನೂ ಪುಟ್ಟಿಯೂ ಜೊತೆಗೆ ಹೋದೆವು. ಹೊಸ ಚಪ್ಪಲಿ, ಹಿಮ್ಮಡಿ ಕಚ್ಚಿತು. ಟೀಚರ್ ಕುಂಟುತ್ತಾ ಹಿಂದೆ ಬಿದ್ದರು. ಅವರ ಕೈಚೀಲ ಹೆಗಲಿಗೆ ಹಾಕಿಕೊಂಡ ಪುಟ್ಟಿ ದೂರ ಓಡಿಬಿಟ್ಟಿದ್ದಳು.

"ಲೇ ಪುಟ್ಟಿ, ನಿಂತ್ಕೊಳೇ" ಎಂದು ಕೂಗಿದರು ಟೀಚರ್.

ಅವರ ಬಾಯಲ್ಲಿ ಮಗುವಿಗೆ ನಿಲ್ಲು ಅಂದದ್ದನ್ನು ನಾನು ಅವತ್ತೇ ಕೇಳಿದ್ದು. ಪಕ್ಕದಲ್ಲಿ ನಡೆಯುತ್ತಾ ನಾನು "ನಡವನೀ" ಅಂದೆ.

ಟೀಚರ್ ನಿಂತರು. ನನ್ನ ಮುಖ ನೋಡಿದರು. ಆಮೇಲೆ ನಗು ಬಂತು ನೋಡಿ, ಮೈಲಿಗಲ್ಲು ಹಿಡಿದುಕೊಂಡು ನಕ್ಕರು. ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬರಿಗಾಲಲ್ಲಿ, ಹಳೆಯ ನಡೆಯಲ್ಲೇ ಹೋದರು. ನಾನು ಅವರನ್ನು ಹಿಡಿಯಲು ಆಗಲಿಲ್ಲ.

ಬಸ್ಸು ಬಂತು. ಕಿಟಕಿಯ ಸೀಟು ಹಿಡಿದು ಕೈ ಹೊರಗೆ ಚಾಚಿದರು. ಟಾಟಾ ಮಾಡುತ್ತಾರೆ ಅಂದುಕೊಂಡೆ. ಪುಟ್ಟಿಯ ಕೈ ಹಿಡಿದು ತಿರುಗಿಸಿ ನೋಡಿದರು. ಬೆರಳ ತುದಿಗೆಲ್ಲ ಕೆಮ್ಮಣ್ಣು. ಸರಿ ಎಂದು ತಲೆಯಾಡಿಸಿದರು. ಆಮೇಲೆ ನನ್ನ ಕಡೆ ಚಾಚಿದರು. ಕೇಳುವ ಮೊದಲೇ ನಾನು ಎರಡೂ ಕೈ ತಿರುಗಿಸಿ ತೋರಿಸಿದೆ. ಬಸ್ಸು ಹೊರಟಿತು.

ಅವರು ಮತ್ತೆ ಈ ಕಡೆ ಬಂದಿಲ್ಲ. ಅವತ್ತು ತಳಕಿನಿಂದ ಹಟ್ಟಿಗೆ ನಡೆದೇ ಬಂದೆವು. ದಾರಿಯಲ್ಲಿ ಪುಟ್ಟಿ ನನಗೋಸ್ಕರ ಮೂರು ಸಲ ನಿಂತಳು.