ಪಡಸಾಲೆಯಲ್ಲೇ ಬ್ಯಾಡಗಿ ಮುಟ್ಟಿದ ರೈಲು

"ಈ ತಿರುವಿನ್ಯಾಗ ನಿಮ್ಮ ಗಾಡಿ ಹಳಿ ತಪ್ಪೂದಿಲ್ಲೇನ್ರಿ?"

ರಾಣೆಬೆನ್ನೂರಿನ ಫೋಟೊ ಸ್ಟುಡಿಯೊದಲ್ಲಿ ಪಕ್ಕದಲ್ಲಿದ್ದ ಹೆಂಗಸೊಬ್ಬರು ಹೀಗೆ ಕೇಳಿದಾಗ ನಾನು ಬೆಪ್ಪಾದೆ. ನನ್ನ ಕೈಯಲ್ಲಿದ್ದದ್ದು ಮನೆಯಲ್ಲಿ ಹಲಗೆಯ ಮೇಲೆ ನಾನು ಕಟ್ಟುತ್ತಿದ್ದ ಆಟಿಕೆ ರೈಲಿನ ಹಳಿ ಮತ್ತು ಪುಟ್ಟ ರಾಣೆಬೆನ್ನೂರು ಸ್ಟೇಷನ್ನಿನ ಫೋಟೊ. ಸಣ್ಣ ರೈಲು ಓಡಿಸುವ ಹುಚ್ಚು ಈ ಸೀಮೆಯಲ್ಲಿ ನನಗೊಬ್ಬನಿಗೇ ಎಂದುಕೊಂಡಿದ್ದೆ.

"ತಪ್ಪತೈತ್ರಿ, ದಿನಾ ತಪ್ಪತೈತಿ" ಎಂದೆ.

ಅವರು ನಗುತ್ತ ಚೀಲದಿಂದ ತಮ್ಮ ಫೋಟೊಗಳನ್ನು ತೆಗೆದರು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ಮನೆಯವರು. ಗಂಡ ಹೆಂಡತಿ ಸೇರಿ ತಮ್ಮೂರ ಸ್ಟೇಷನ್ ಕಟ್ಟಿದ್ದರು. ಕೆಂಪು ಬಣ್ಣ ಕಲಸಿದ ರವೆಯ ಮೆಣಸಿನಕಾಯಿ ರಾಶಿಯೂ ಅದರಲ್ಲಿತ್ತು.

ಮುಂದಿನ ಭಾನುವಾರ ದಂಪತಿ ತಮ್ಮ ಹಲಗೆಯನ್ನು ಟೆಂಪೊದಲ್ಲಿ ಹೇರಿಕೊಂಡು ನಮ್ಮ ಮನೆಗೇ ಬಂದರು. ಹಳಿಯ ಅಳತೆ ಒಂದೇ ಇತ್ತು, ಹಲಗೆಗಳ ಎತ್ತರ ಮಾತ್ರ ಕೂಡಲಿಲ್ಲ. ಅವರದರ ಕೆಳಗೆ ಹಳೆಯ ಪಂಚಾಂಗಗಳನ್ನು ಒಟ್ಟಿದೆವು. ಆಕೆ ನನ್ನ ತಿರುವನ್ನು ಬಿಚ್ಚಿ, ತುಸು ಅಗಲಿಸಿ ಕೂರಿಸಿದರು. ನನ್ನ ಗಾಡಿ ಅದನ್ನು ದಾಟಿ ಸೀದಾ ಬ್ಯಾಡಗಿಗೆ ಹೋಗಿ ನಿಂತಾಗ ಎಲ್ಲರೂ ಚಪ್ಪಾಳೆ ತಟ್ಟಿದೆವು.

ಇಷ್ಟು ದಿನ ನನ್ನನ್ನು ನೋಡಿ ನಗುತ್ತಿದ್ದ ಹೆಂಡತಿ ಚಹಾ ಕೊಡುತ್ತ, "ಬ್ಯಾಡಗಿ ಆತು, ಮುಂದಿನ ಹಾವೇರಿ ಯಾವಾಗ ಕಟ್ಟೂಣು?" ಎಂದಳು. ಈಗ ಆ ಸ್ಟೇಷನ್ನಿನ ಗೋಡೆಗೆ ಅವಳೇ ಬಣ್ಣ ಹಚ್ಚುತ್ತಿದ್ದಾಳೆ.