ಮಲ್ಲಕ್ಕನನ್ನು ನೋಡಿಕೊಳ್ಳುವವರು

ಯರಗುಪ್ಪಿಯ ಮಲ್ಲಕ್ಕನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಹನ್ನೆರಡು ವರ್ಷದ ಹಿಂದೆ ಹೊಟ್ಟು ಹೇರಿದ ಚಕ್ಕಡಿಯ ಮೇಲಿಂದ ಬಿದ್ದಳು, ಅಷ್ಟೇ. ಕೈಗೆ ಏನೂ ಆಗಲಿಲ್ಲ. ಬಾಯಿಗಂತೂ ಮೊದಲೇ ಏನೂ ಆಗುವಂತಿರಲಿಲ್ಲ. ಬೆಳಿಗ್ಗೆ ಹಿಂದಿನ ಮನೆಯ ಮೈಮುನಬಿ ಬಂದು ನೀರು ತುಂಬುತ್ತಾಳೆ, ಎದುರು ಮನೆಯ ಮಂಜುಳಾ ಮೈ ತೊಳೆಸುತ್ತಾಳೆ, ಬಾಜು ಮನೆಯ ತಿರಕಪ್ಪ ಗಾಲಿಕುರ್ಚಿ ತಳ್ಳಿಕೊಂಡು ಕಟ್ಟೆಯ ಹತ್ತಿರ ಬಿಡುತ್ತಾನೆ. ಈಕೆ ಮೂರೂ ಮನೆಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಯಾರು ಎಷ್ಟೊತ್ತಿಗೆ ಬರಬೇಕೆಂದು ಗೊತ್ತು ಮಾಡುವವಳೂ ಈಕೆಯೇ. ತಡವಾದರೆ ಓಣಿಗೆಲ್ಲ ಕೇಳುವ ಹಾಗೆ ಬೈಯುತ್ತಾಳೆ.

ಹೀಗಿರುವಾಗ ಸೋಮವಾರ ತಾಲ್ಲೂಕು ಕಚೇರಿಯಿಂದ ಒಂದು ಪತ್ರ ಬಂತು. ನೋಡಿಕೊಳ್ಳುವವರು ಯಾರೂ ಇಲ್ಲದ ಕಾರಣ ಅವಳನ್ನು ಹುಬ್ಬಳ್ಳಿಯ ಆರೈಕೆ ಕೇಂದ್ರಕ್ಕೆ ಸೇರಿಸುತ್ತಾರಂತೆ, ಗುರುವಾರ ಗಾಡಿ ಬರುತ್ತದಂತೆ. ಮಲ್ಲಕ್ಕ ಎರಡು ಸಲ ಓದಿದಳು. ಯಾರೂ ಇಲ್ಲವೆಂದರೆ ನಿನ್ನೆ ಬೆನ್ನು ತಿಕ್ಕಿದ್ದು ದೆವ್ವವೇ?

ಕೇಳಿದರೆ ಮೂವರೂ ತಲೆ ತಗ್ಗಿಸಿದರು. ಹೋದ ತಿಂಗಳು ಅಂಗವಿಕಲರ ಸಮೀಕ್ಷೆಯವನು ಬಂದಾಗ, ದಿಕ್ಕಿಲ್ಲದವಳು ಎಂದರೆ ಪಿಂಚಣಿ ಜಾಸ್ತಿಯಾದೀತು ಎಂದುಕೊಂಡು, ಒಬ್ಬರಿಗೊಬ್ಬರು ತಿಳಿಸದೆ, "ಆಕಿಗಿ ಯಾರೂ ಇಲ್ರಿ, ಪಾಪ" ಎಂದಿದ್ದರು. ಒಳ್ಳೆಯದಾಗಲೆಂದೇ ಹೇಳಿದ್ದು ಎಂದು ಆಣೆ ಮಾಡಿದರು. ಮಲ್ಲಕ್ಕನ ತಲೆಗೆ ಅದು ಹತ್ತಲಿಲ್ಲ. ಒಳ್ಳೆಯದಕ್ಕೆ ಹೇಳಿದ್ದೋ, ಬೇಸತ್ತು ಹೇಳಿದ್ದೋ? ಮಂಜುಳಾಳ ಕೈಗೆ ಈಚೆಗೆ ಬಹಳ ಅವಸರ ಬಂದಿತ್ತಲ್ಲ? ಮೂರು ದಿನ ಇದೇ ಗೊಂದಲ, ಒಂದು ರೊಟ್ಟಿಯೂ ದುಂಡಗಾಗಲಿಲ್ಲ. ಆ ಕೇಂದ್ರದಲ್ಲಿ ಒಲೆ ಮುಟ್ಟಲು ಬಿಡುತ್ತಾರೋ ಇಲ್ಲವೋ. ಹೋಗುವುದೇ ಸರಿಯೇನೋ ಎಂದೂ ಒಮ್ಮೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಅತ್ತಳು.

ಗುರುವಾರ ಗಾಡಿಯ ಜೊತೆ ನೇತ್ರಾ ಎಂಬ ಅಧಿಕಾರಿ ಬಂದಳು. ಮೂವರೂ ನಾವು ನೋಡಿಕೊಳ್ಳುತ್ತೇವೆಂದು ಮುಗಿಬಿದ್ದರು. ನೇತ್ರಾಳಿಗೂ ತಲೆ ಕೆಟ್ಟಿತು. ಹೋದ ತಿಂಗಳು ಯಾರೂ ಇಲ್ಲ, ಈಗ ನೋಡಿದರೆ ಮೂರು ಜನ! ಹಾಳೆಯಲ್ಲಿ ಒಂದೇ ಹೆಸರಿಗೆ ಜಾಗವಿದೆ, ಇಡೀ ದಿನದ ಹೊಣೆ ಹೊರುವವರು ಸಹಿ ಮಾಡಿ ಎಂದಳು. ಮೈಮುನಬಿಗೆ ಹೊಲದ ಕೂಲಿ, ಮಂಜುಳಾಳ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ತಿರಕಪ್ಪನಿಗೆ ಎಪ್ಪತ್ತು ದಾಟಿದೆ. ಪೆನ್ನನ್ನು ಯಾರೂ ಮುಟ್ಟಲಿಲ್ಲ.

ಗಾಡಿಯ ಬಾಗಿಲು ತೆರೆದೇ ಇತ್ತು. ಏನು ತೋಚಿತೋ, ಮಲ್ಲಕ್ಕ ಕೈ ಚಾಚಿದಳು.

"ಇಲ್ಲಿ ಕೊಡ್ರಿ. ನನ್ನ ಹೆಸರು ಬರೀತೀನಿ."

"ನಿಮ್ಮನ್ನ ನೀವ ಹೆಂಗ ನೋಡ್ಕೋತೀರಿ, ಅಕ್ಕಾರ?"

"ಯಾರು ಯಾವಾಗ ಬರಬೇಕು, ಏನು ಮಾಡಬೇಕು, ಹನ್ನೆರಡು ವರ್ಷ ಹೇಳಿ ಮಾಡಿಸಿದಾಕಿ ನಾನ ಅಲ್ಲೇನ್ರಿ?"

ನೇತ್ರಾ ಹಾಳೆಯನ್ನು ತಿರುವಿ ಹಾಕಿ ನೋಡಿದಳು. ಹಾಗೆ ಬರೆಯಬಾರದೆಂದು ಎಲ್ಲೂ ಇರಲಿಲ್ಲ. ಸಹಿ ತೆಗೆದುಕೊಂಡು ಹೋದಳು, ಗಾಡಿ ಖಾಲಿ ಹೋಯಿತು.

ಮರುದಿನ ಬೆಳಿಗ್ಗೆ ಬೆನ್ನು ತಿಕ್ಕಿಸಿಕೊಳ್ಳುವಾಗ ಮಲ್ಲಕ್ಕ ಮೆಲ್ಲಗೆ, "ಬ್ಯಾಸರಾಗಿದ್ರ ಹೇಳಬೇ" ಎಂದಳು. ಮಂಜುಳಾ ಅವತ್ತು ಬೆನ್ನನ್ನು ಎಂದಿಗಿಂತ ಬಹಳ ಹೊತ್ತು ತಿಕ್ಕಿದಳು.