ಕಪ್ಪೆ ಡಾಕ್ಟರ್ ನೀಲಕ್ಕ

ನೀಲಕ್ಕ ಕಪ್ಪೆಗಳನ್ನು ಕನ್ನಡದಲ್ಲೇ ಮಾತಾಡಿಸುತ್ತಿದ್ದರು. ಅದೂ ಅಪ್ಪಟ ವಿಜಾಪುರದ ಕನ್ನಡದಲ್ಲಿ. ಹೊಸ ಕೈಗವಸು ತೊಟ್ಟು, ಕಪ್ಪೆಯನ್ನು ಅಂಗೈಯಲ್ಲಿ ಹಿಡಿದು, "ಹೆದರಬ್ಯಾಡವಾ, ಒಂದ ನಿಮಿಷ. ಹೊಟ್ಟಿ ಸವರಿ ಬಿಟ್ಟಬಿಡ್ತೀನಿ" ಎನ್ನುತ್ತ ಹತ್ತಿ ಸುತ್ತಿದ ಕಡ್ಡಿಯಿಂದ ಚರ್ಮ ಒರೆಸುತ್ತಿದ್ದರು. ಆ ಹತ್ತಿಯಲ್ಲಿ ರೋಗ ತರುವ ಶಿಲೀಂಧ್ರವಿದೆಯೇ ಎಂದು ಆಮೇಲೆ ಲ್ಯಾಬಿನಲ್ಲಿ ಪರೀಕ್ಷೆ. ಮುಂದಿನ ಕಪ್ಪೆಗೆ ಮತ್ತೆ ಹೊಸ ಕೈಗವಸು, ಮತ್ತೆ ಅದೇ ಉಪಚಾರದ ಮಾತು.

ಊರಲ್ಲಿ ದನದ ಡಾಕ್ಟರಾಗಿದ್ದ ಅವರು ಸ್ಯಾನ್ ಡಿಯಾಗೋ ನಗರದ ಲಾ ಹೋಯಾದಲ್ಲಿದ್ದ ಲ್ಯಾಬಿಗೆ ಬಂದು ಕಪ್ಪೆ, ಹಾವು, ಆಮೆಗಳ ಸೋಂಕುರೋಗಗಳಲ್ಲಿ ಹೆಸರು ಮಾಡಿದ್ದರು. ಒಮ್ಮೆ ಅವರೂ ನಾನೂ ವಾಲ್‌ನಟ್ ಎಂಬ ಊರಿನಲ್ಲಿ ಕನ್ನಡದವರ ಮನೆಯ ಊಟಕ್ಕೆ ಹೋಗಿದ್ದೆವು. ಇವರು ಡಾಕ್ಟರ್ ಎಂದು ಕೇಳಿದ್ದೇ ತಡ, ಒಬ್ಬ ಅಂಕಲ್ ತೋಳು ಮಡಚಿ ತುರಿಕೆ ತೋರಿಸಿದರು. ನೀಲಕ್ಕ ಕನ್ನಡಕ ಏರಿಸಿ ಗಂಭೀರವಾಗಿ ನೋಡಿದರು.

"ನೀವು ಚರ್ಮದಿಂದ ಉಸರಾಡ್ತೀರೇನ್ರಿ?"

"ಇಲ್ಲಮ್ಮ!"

"ಹಂಗಾದ್ರ ನೀವು ನನ್ನ ಪೇಷಂಟ್ ಅಲ್ಲ ಬಿಡ್ರಿ. ಕಪ್ಪಿ ಉಸರಾಡ್ತಾವ. ಅದಕ್ಕ ಅವಕ್ಕ ಚರ್ಮದ ರೋಗ ಬಂದ್ರ ಜೀವಾನ ಹೋಗ್ತದ."

ಅವರ ಪರಿಚಯವಾದಾಗ ನಾನು ನಾರ್ತ್‌ರಿಜ್‌ನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೆ. ಲಾಸ್ ಏಂಜಲೀಸ್‌ನ ಬೆನ್ನಿಗಿರುವ ಬೆಟ್ಟಗಳ ತೊರೆಗಳಲ್ಲಿ ಕಪ್ಪೆಗಳನ್ನು ಹುಡುಕುವುದು ನಮ್ಮ ತಂಡದ ಕೆಲಸ. ವರ್ಷದಿಂದ ವರ್ಷಕ್ಕೆ ಅವು ಕಡಿಮೆಯಾಗುತ್ತಿದ್ದವು. ನಮಗೆ ತೊರೆಗಳು ಗೊತ್ತು, ಸ್ಯಾನ್ ಡಿಯಾಗೋದ ನೀಲಕ್ಕನ ಲ್ಯಾಬಿನವರಿಗೆ ರೋಗ ಗೊತ್ತು. ಆದರೆ ನಮ್ಮ ಮಾಹಿತಿ ಕೊಟ್ಟರೆ ಅವರು ಮೊದಲು ಪ್ರಕಟಿಸಿಬಿಡುತ್ತಾರೆ ಎಂದು ನಮಗೆ ಅನುಮಾನ. ಅವರಿಗೂ ನಮ್ಮ ಮೇಲೆ ಅದೇ ಅನುಮಾನ.

ಒಂದು ದಿನ ನೀಲಕ್ಕ ತಾವೇ ಡ್ರೈವ್ ಮಾಡಿಕೊಂಡು ನಾರ್ತ್‌ರಿಜ್‌ಗೆ ಬಂದರು. ಪೀಠಿಕೆಯಿಲ್ಲದೆ ಲ್ಯಾಪ್‌ಟಾಪ್ ತೆರೆದು, ಇನ್ನೂ ಎಲ್ಲೂ ಪ್ರಕಟವಾಗದ ತಮ್ಮ ಫಲಿತಾಂಶಗಳನ್ನೆಲ್ಲ ನಮ್ಮ ಮುಂದಿಟ್ಟರು. ನಮ್ಮ ಪ್ರೊಫೆಸರ್ ಎದ್ದು, ತೊರೆಗಳಿಂದ ತಂದ ಮಾದರಿಗಳನ್ನಿಟ್ಟಿದ್ದ ನಮ್ಮ ಫ್ರೀಜರಿನ ಬಾಗಿಲನ್ನು ತಾವೇ ತೆಗೆದರು.

ಪಾರ್ಕಿಂಗ್ ಲಾಟಿನಲ್ಲಿ ಕೇಳಿದೆ: "ಅಕ್ಕ, ಯಾರಾದ್ರೂ ಕದ್ರೆ ಅಂತ ಭಯ ಆಗ್ಲಿಲ್ವಾ?"

"ಆತಲ್ಲ, ಆಗದ ಏನು? ಆದ್ರ ಇಬ್ರೂ ಮುಚ್ಚಿಟ್ಟುಕೊಂಡು ಕುಂತ್ರ ಕಪ್ಪಿ ಕಾಯ್ತಾವೇನು? ಯಾರರೆ ಒಬ್ರು ಮೊದ್ಲ ತೆರೀಬೇಕು."

ಎರಡೂ ತಂಡ ಸೇರಿ ಹೊಸದೊಂದು ದಾರಿ ಹಿಡಿದೆವು. ಸಾಕಿ ಬೆಳೆಸಿದ ಮರಿಗಳಿಗೆ ನಾವೇ ಸ್ವಲ್ಪ ಸೋಂಕು ತಗುಲಿಸುವುದು, ಔಷಧಿ ನೀರಿನಲ್ಲಿಟ್ಟು ಗುಣಪಡಿಸುವುದು, ಆಮೇಲೆ ಬೆಟ್ಟಕ್ಕೆ ಬಿಡುವುದು. ಒಮ್ಮೆ ರೋಗ ಗೆದ್ದ ಮೈ ಮತ್ತೊಮ್ಮೆ ತಡೆದೀತೆಂಬ ಆಸೆ. ಅಪರೂಪದ ಜೀವಕ್ಕೆ ಬೇಕೆಂದೇ ರೋಗ ಅಂಟಿಸುವುದೇ ಎಂದು ಹಲವರು ಸಿಟ್ಟಾದರು. ಹೊಣೆ ನನ್ನದು ಎಂದರು ನೀಲಕ್ಕ.

ಮೊದಲ ಸಲ ಬಹಳಷ್ಟು ಮರಿಗಳು ಸತ್ತವು. ಅಂದು ಅವರು ಯಾವ ಕಪ್ಪೆಯನ್ನೂ ಮಾತಾಡಿಸಲಿಲ್ಲ. ಸತ್ತವನ್ನು ಒಂದೊಂದಾಗಿ ಕೊಯ್ದು ಪರೀಕ್ಷಿಸಿದರು. ಮಾರನೆಯ ದಿನ ಎರಡೂ ಲ್ಯಾಬಿನವರನ್ನು, ಸಿಟ್ಟಾಗಿದ್ದವರನ್ನೂ, ಕರೆಸಿ, "ಕೊಂದದ್ದು ರೋಗವಲ್ಲ, ನನ್ನ ಔಷಧಿ, ಮರಿಗಳಿಗೆ ಅದು ಹೆಚ್ಚಾಯಿತು" ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದರು. ತಲೆ ತಗ್ಗಿಸಲಿಲ್ಲ. ಇಂಥವರ ಜೊತೆ ಕೆಲಸ ಮಾಡುತ್ತಿದ್ದೇನೆ ಎಂದು ಆ ದಿನ ನನಗೆ ಉಂಟಾದ ಹೆಮ್ಮೆ ಇಂದಿಗೂ ಮಾಸಿಲ್ಲ. ಔಷಧಿಯ ಪ್ರಮಾಣ ಇಳಿಸಿದ ಮೇಲೆ ಮುಂದಿನ ಮರಿಗಳು ಉಳಿದವು. ಬೇಸಿಗೆಯಲ್ಲಿ ಅವನ್ನು ತೊರೆಗೆ ಬಿಟ್ಟೆವು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಮರುವರ್ಷ, ಅದೇ ಬೆಟ್ಟದ ಬುಡದಲ್ಲಿ. ಅಷ್ಟರಲ್ಲಿ ಕ್ಯಾನ್ಸರ್ ಅವರನ್ನು ಹಣ್ಣು ಮಾಡಿತ್ತು. ಹತ್ತಲಾಗದೆ ಕಾರಿನಲ್ಲೇ ಕುಳಿತರು. ನಾವು ಬಿಟ್ಟ ಕಪ್ಪೆಗಳನ್ನು ಹಿಡಿದು ಪರೀಕ್ಷೆಗೆ ಚರ್ಮ ಒರೆಸಿ ತರಲು ನಾನು ಮೇಲೆ ಹೋಗಿ, ಮಧ್ಯಾಹ್ನ ಬರಿಗೈಯಲ್ಲಿ ಇಳಿದು ಬಂದೆ.

"ಇಲ್ಲೇನು?" ಎಂದರು, ಮುಖ ಸಣ್ಣದು ಮಾಡಿಕೊಂಡು.

"ಇವೆ ಅಕ್ಕ, ತುಂಬಾ ಇವೆ. ಆದ್ರೆ ಹತ್ರ ಹೋದ್ರೆ ಸಾಕು, ಪುಳಕ್ ಅಂತ ನೀರಿಗೆ ಹಾರ್ತವೆ. ಒಂದೂ ಕೈಗೆ ಸಿಗ್ಲಿಲ್ಲ."

ರೋಗ ಹಿಡಿದ ಕಪ್ಪೆ ಹಾರುವುದಿಲ್ಲ. ಮುಟ್ಟಿದರೂ ಮಂಕಾಗಿ ಕೂತಿರುತ್ತದೆ. ನೀಲಕ್ಕ ಸೀಟಿಗೆ ತಲೆ ಆನಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಸಿಗಲಿಲ್ಲ? ಒಂದೂ ಸಿಗಲಿಲ್ಲ? ಭಾಳ ಛಲೋ ಆತು ತಂಗಿ, ಭಾಳ ಛಲೋ ಆತು."